ಗಂಡು ನಾಯಿಗೆ ಸಂತಾನಹರಣ ಆಪರೇಷನ್ ಬೇಡ ಅಂದ್ರೆ ಬೇರೆ ದಾರಿ ಏನಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ನಮ್ಮ ನಾಯಿ ಕರಿಯನನ್ನು ಹನುಮಂತನಗರದ ಬೀದಿಗಳಲ್ಲಿ ಸುತ್ತಾಡಿಸುವಾಗ, ಭಾನುವಾರ ಕಬ್ಬನ್ ಪಾರ್ಕ್‌ಗೆ ಹೋದಾಗ, ರಾತ್ರಿ ಬೀದಿನಾಯಿಗಳಿಗೆ ಅನ್ನ ಹಾಕುವಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಕೆಲವು ಪತ್ರದಲ್ಲಿ ಬಂದವು. ನಾನು ಪಶುವೈದ್ಯನಲ್ಲ. ಆದರೆ ಹದಿನೈದು ವರ್ಷದಿಂದ ನಾಯಿ ಸಾಕುತ್ತಾ ಸಾಕಷ್ಟು ಡಾಕ್ಟರುಗಳ ತಲೆ ತಿಂದಿದ್ದೇನೆ. ಓದಿದ್ದನ್ನು, ಕೇಳಿದ್ದನ್ನು, ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ.

## ಮೊದಮೊದಲ ಪ್ರಶ್ನೆಗಳು

"ಕತ್ತರಿ ಹಾಕದೇ ಗಂಡು ನಾಯಿಗೆ ಮರಿ ಆಗದ ಹಾಗೆ ಮಾಡಬಹುದಾ ಸಾರ್?"

ಮಾಡಬಹುದು. ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಚರ್ಮದ ಕೆಳಗೆ ಇಡುವ ಹಾರ್ಮೋನ್ ಇಂಪ್ಲಾಂಟ್. ಇದರ ಪರಿಣಾಮ ಕೆಲವು ತಿಂಗಳು ಮಾತ್ರ. ಇನ್ನೊಂದು, ನೇರವಾಗಿ ಬೀಜಕ್ಕೇ (ವೃಷಣಕ್ಕೇ) ಕೊಡುವ ಇಂಜೆಕ್ಷನ್. ಇದು ಶಾಶ್ವತ.

ಆದರೆ ಉತ್ತರ ಹೇಳುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಡವಾಗಿರುವುದು ಮರಿಗಳಾ, ಅಥವಾ ಗಂಡು ನಾಯಿಯ ಆಟಗಳಾ? ಗೋಡೆಗೆಲ್ಲ ಮೂತ್ರ ಹಾರಿಸುವುದು, ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಗೇಟು ಹಾರುವುದು, ಬಂದವರ ಕಾಲು ಹತ್ತುವುದು, ಇವೆಲ್ಲ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿಗೆ ಸೇರಿದ್ದು. ಮರಿ ಆಗುವುದು ವೀರ್ಯಾಣುವಿಗೆ ಸೇರಿದ್ದು. ಆಪರೇಷನ್ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಉಳಿದ ದಾರಿಗಳಲ್ಲಿ ಕೆಲವು ಎರಡನ್ನೂ ನಿಲ್ಲಿಸುತ್ತವೆ, ಕೆಲವು ಒಂದನ್ನು ಮಾತ್ರ. ಇದನ್ನು ಬೇರೆ ಬೇರೆ ಮಾಡಿ ನೋಡದೇ ದುಡ್ಡು ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

"ಊರಲ್ಲಿ ಹೋರಿಗೆ ಬೀಜ ಒಡೀತಾರಲ್ಲ, ಆಪರೇಷನ್ ಅಂದ್ರೆ ಹಾಗೇನಾ?"

ಅಲ್ಲ, ಸ್ವಲ್ಪವೂ ಅಲ್ಲ. ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ಚಿಕ್ಕಂದಿನಲ್ಲಿ ನೋಡಿದ ಆ ಹೋರಿಯ ಒದ್ದಾಟ ಇನ್ನೂ ಇರುತ್ತದೆ. ಭಯಕ್ಕೆ ಅರ್ಧ ಕಾರಣ ಅದೇ. ಹೋರಿಗೆ ಇಕ್ಕಳದಿಂದ ಹೊರಗಿನಿಂದಲೇ ನರ ಜಜ್ಜುತ್ತಾರೆ. ನಾಯಿಗೆ ಅರಿವಳಿಕೆ ಕೊಟ್ಟು, ವೃಷಣ ಚೀಲದ ಮುಂದೆ ಸಣ್ಣದಾಗಿ ಕೊಯ್ದು, ಎರಡೂ ಬೀಜಗಳನ್ನು ತೆಗೆದು ಹೊಲಿಗೆ ಹಾಕುತ್ತಾರೆ. ಹೆಣ್ಣು ನಾಯಿಯ ಆಪರೇಷನ್ ಹಾಗೆ ಹೊಟ್ಟೆ ತೆರೆಯುವ ಕೆಲಸ ಇಲ್ಲ. 10ರಿಂದ 14 ದಿನದಲ್ಲಿ ಗಾಯ ಮಾಯುತ್ತದೆ.

ನಾಯಿಗೆ ಇಕ್ಕಳ ಹಾಕುವುದು, ರಬ್ಬರ್ ಬ್ಯಾಂಡ್ ಕಟ್ಟುವುದು ಮಾತ್ರ ಯಾರೇ ಹೇಳಿದರೂ ಮಾಡಬೇಡಿ. ಅದು ಚಿಕಿತ್ಸೆಯಲ್ಲ, ಹಿಂಸೆ. ಪ್ರಾಣಿಗಳಿಗೆ ಸುಮ್ನೆ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

"ಒಂದು ಸಲ ಕೂಡಿಸಿಬಿಟ್ರೆ ತಣ್ಣಗಾಗ್ತಾನಂತೆ, ನಿಜಾನಾ?"

ಸುಳ್ಳು. ಇನ್ನಷ್ಟು ಹುಡುಕುತ್ತಾನೆ, ಅಷ್ಟೇ.

"ವ್ಯಾಸೆಕ್ಟಮಿ ಮಾಡಿಸಿದ್ರೆ ಆಪರೇಷನ್ ತಪ್ಪುತ್ತಲ್ವಾ?"

ವ್ಯಾಸೆಕ್ಟಮಿಯೂ ಆಪರೇಷನ್ನೇ. ಬೀಜ ತೆಗೆಯುವುದಿಲ್ಲ, ವೀರ್ಯನಾಳ ಕತ್ತರಿಸುತ್ತಾರೆ. ಅರಿವಳಿಕೆ, ಹೊಲಿಗೆ ಎಲ್ಲವೂ ಉಂಟು. ಮರಿ ಆಗುವುದಿಲ್ಲ. ಆದರೆ ಹಾರ್ಮೋನ್ ಹಾಗೇ ಇರುತ್ತದೆ, ಗೇಟು ಹಾರುವುದೂ ಹಾಗೇ ಇರುತ್ತದೆ. ಹಾರ್ಮೋನ್ ಉಳಿಯಲಿ, ಮರಿ ಮಾತ್ರ ಬೇಡ ಎನ್ನುವವರಿಗೆ ಇದು ಸರಿ.

## ಇಂಪ್ಲಾಂಟ್ ಬಗ್ಗೆ

"ಕತ್ತಿನ ಹತ್ತಿರ ಏನೋ ಕಡ್ಡಿ ಥರದ್ದು ಹಾಕ್ತಾರಂತೆ, ಅದೇನು?"

ಅದರಲ್ಲಿರುವ ಔಷಧಿಯ ಹೆಸರು ಡೆಸ್ಲೊರೆಲಿನ್. ಹೆಚ್ಚು ಹೆಸರಾದ ಬ್ರಾಂಡ್ ಸುಪ್ರೆಲೊರಿನ್. ಆಸ್ಟ್ರೇಲಿಯಾ ಮತ್ತು ಯುರೋಪಿನಲ್ಲಿ ಗಂಡು ನಾಯಿಗಳಿಗೆ ಒಪ್ಪಿಗೆ ಪಡೆದದ್ದು. ಎರಡು ಭುಜಗಳ ನಡುವೆ ಸಡಿಲ ಚರ್ಮದ ಕೆಳಗೆ, ಮೈಕ್ರೋಚಿಪ್ ಹಾಕಿದ ಹಾಗೆ ದಪ್ಪ ಸೂಜಿಯಿಂದ ಇಡುತ್ತಾರೆ. ಅರಿವಳಿಕೆ ಬೇಕಾಗುವುದಿಲ್ಲ. 4.7 ಮಿಲಿಗ್ರಾಂನದು ಸುಮಾರು 6 ತಿಂಗಳು, 9.4 ಮಿಲಿಗ್ರಾಂನದು ಸುಮಾರು 12 ತಿಂಗಳು ಕೆಲಸ ಮಾಡುತ್ತದೆ.

ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಮಿದುಳು ಬಿಟ್ಟು ಬಿಟ್ಟು ಒಂದು ಸಂದೇಶ ಕಳಿಸುತ್ತಿರುತ್ತದೆ. ಅದು ಬಂದಾಗಲೆಲ್ಲ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೀಜಕ್ಕೆ 'ಟೆಸ್ಟೋಸ್ಟಿರಾನ್ ತಯಾರಿಸು' ಎಂದು ಹೇಳುತ್ತದೆ. ಡೆಸ್ಲೊರೆಲಿನ್ ಅದೇ ಸಂದೇಶವನ್ನು ಬಿಡುವಿಲ್ಲದೇ ಕೂಗುತ್ತದೆ. ಪಕ್ಕದ ಮನೆ ಕುಕ್ಕರ್ ದಿನವಿಡೀ ಸೀಟಿ ಹೊಡೆಯುತ್ತಿದ್ದರೆ ಸ್ವಲ್ಪ ಹೊತ್ತಿಗೆ ನಮ್ಮ ಕಿವಿಗೆ ಅದು ಬೀಳುವುದೇ ಇಲ್ಲ ಅಲ್ವಾ? ಹಾಗೆ ಪಿಟ್ಯುಟರಿಯೂ ಕೊನೆಗೆ ಕಿವಿಗೊಡುವುದನ್ನು ಬಿಡುತ್ತದೆ. ಬೀಜಕ್ಕೆ ಆದೇಶ ಹೋಗುವುದಿಲ್ಲ. ಟೆಸ್ಟೋಸ್ಟಿರಾನ್ ಇಳಿಯುತ್ತದೆ, ವೀರ್ಯಾಣು ನಿಲ್ಲುತ್ತದೆ, ಬೀಜ ಚಿಕ್ಕದಾಗುತ್ತದೆ. ಅಂದರೆ ಮರಿಯೂ ಇಲ್ಲ, ಆಟವೂ ಇಲ್ಲ.

"ಹಾಕಿಸಿ ಒಂದು ವಾರ ಆಯ್ತು. ನಮ್ಮ ಲ್ಯಾಬ್ರಡಾರ್ ಮೊದಲಿಗಿಂತ ಜಾಸ್ತಿ ಆಡ್ತಿದ್ದಾನೆ. ಮೋಸ ಹೋದ್ವಾ?"

ಇಲ್ಲ, ಇದು ಆಗುವಂಥದ್ದೇ. ಸಂದೇಶ ಮೊದಲು ಜೋರಾಗಿ ಕೇಳಿಸಿ ಆಮೇಲೆ ತಾನೇ ಕಿವಿ ಮುಚ್ಚುವುದು? ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಏರುತ್ತದೆ. ಕಾಲು ಹತ್ತುವುದು, ಗುರ್ ಎನ್ನುವುದು ಜಾಸ್ತಿ ಆಗಬಹುದು. ಆಮೇಲೆ ಇಳಿಯುತ್ತದೆ.

ಮುಖ್ಯವಾದ ಮಾತು ಬೇರೆ ಇದೆ. ಚಿಕ್ಕ ಇಂಪ್ಲಾಂಟ್ ಆದರೆ 6 ವಾರ, ದೊಡ್ಡದಾದರೆ 8 ವಾರ ಅವನಿಗೆ ಇನ್ನೂ ಮರಿ ಹುಟ್ಟಿಸುವ ಶಕ್ತಿ ಇರುತ್ತದೆ ಎಂದೇ ತಿಳಿಯಿರಿ. ಬೀದಿಯಲ್ಲಿ ಹೆಣ್ಣುಗಳು ಬೆದೆಗೆ ಬಂದ ಮೇಲೆ ಓಡಿ ಹೋಗಿ ಹಾಕಿಸಿದರೆ ಪ್ರಯೋಜನವಿಲ್ಲ. ನಮ್ಮ ಕಡೆ ಮಳೆಗಾಲ ಮುಗಿಯುತ್ತಿದ್ದಂತೆ ಬೀದಿಗಳಲ್ಲಿ ಗಂಡು ನಾಯಿಗಳ ಹಿಂಡು ಶುರು. ಅದಕ್ಕೆ ಎರಡು ತಿಂಗಳು ಮುಂಚೆಯೇ ಯೋಚಿಸಬೇಕು.

"ಮುಂದೆ ಅವನಿಂದ ಒಂದು ಸಲ ಮರಿ ಬೇಕು ಅನ್ಸಿದ್ರೆ?"

ಆಗಬಹುದು, ಇಂಪ್ಲಾಂಟ್‌ನ ದೊಡ್ಡ ಗುಣ ಇದು. ಆದರೆ 6 ತಿಂಗಳು ಅಂದರೆ ಗಡಿಯಾರ ಇಟ್ಟ ಹಾಗೆ 6 ತಿಂಗಳಲ್ಲ. 4.7 ಮಿಲಿಗ್ರಾಂ ಹಾಕಿಸಿಕೊಂಡ ನಾಯಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿನವುಗಳ ಹಾರ್ಮೋನ್, ಇಂಪ್ಲಾಂಟ್ ಹಾಕಿಸಿದ ಒಂದು ವರ್ಷದೊಳಗೆ ಮೊದಲಿನಂತಾಗಿದೆ. ಕೆಲವಕ್ಕೆ ಒಂದೂವರೆ ವರ್ಷ ಹಿಡಿದಿದೆ.

"ಯಾವ ನಾಯಿಗೆ ಇದು ಬೇಡ? ತರಿಸುವಾಗ ಏನು ನೋಡ್ಬೇಕು?"

10 ಕಿಲೋಗಿಂತ ಕಡಿಮೆ ಅಥವಾ 40 ಕಿಲೋಗಿಂತ ಹೆಚ್ಚು ತೂಕದ ನಾಯಿಗಳ ಮೇಲೆ ಇದರ ಅನುಭವ ಕಡಿಮೆ. ಪೊಮೆರೇನಿಯನ್ ಅಥವಾ ಗ್ರೇಟ್ ಡೇನ್ ಇರುವವರು ಡಾಕ್ಟರ್ ಜೊತೆ ಇದನ್ನು ಮಾತಾಡಿ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರು ಇದನ್ನು ಮುಟ್ಟಬಾರದು.

ಇದನ್ನು ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹೊರದೇಶದಿಂದ ಯಾರದೋ ಸೂಟ್‌ಕೇಸ್‌ನಲ್ಲಿ ಬಂದ ಪ್ಯಾಕೆಟ್ ಎಷ್ಟು ದಿನ ಬಿಸಿಲಿನಲ್ಲಿತ್ತು ಅಂತ ಯಾರಿಗೆ ಗೊತ್ತು? ಹೆಸರು, ಮಿಲಿಗ್ರಾಂ, ಬ್ಯಾಚ್ ನಂಬರ್, ಮುಗಿಯುವ ತಾರೀಖು ನೋಡದೇ ಹಾಕಿಸಬೇಡಿ. ಹಾಕುವ ಡಾಕ್ಟರೇ ಬಿಲ್ ಕೊಟ್ಟು ತರಿಸಿಕೊಟ್ಟರೆ ಮಾತ್ರ ನಾನಾದರೆ ಒಪ್ಪುತ್ತೇನೆ.

## ಬೀಜಕ್ಕೆ ಕೊಡುವ ಇಂಜೆಕ್ಷನ್

"ಒಂದೇ ಇಂಜೆಕ್ಷನ್, ಐದು ನಿಮಿಷ, ಮುಗೀತು ಅಂತಾರೆ. ಅದು ಯಾವುದು?"

ಜಿಂಕ್ ಗ್ಲುಕೊನೇಟ್ ಮತ್ತು ಆರ್ಜಿನೈನ್ ಬೆರೆಸಿದ ದ್ರಾವಣ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ನ್ಯೂಟರ್‌ಸಾಲ್ ಎಂಬ ಹೆಸರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, 3ರಿಂದ 10 ತಿಂಗಳ ಗಂಡು ಮರಿಗಳಿಗೆ ಮಾತ್ರ. ಆಮೇಲೆ ಜ್ಯೂಟರಿನ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಬಂತು. ಅಲ್ಲಿನ ಮಾರುಕಟ್ಟೆಯಿಂದ ಅದೂ ಮಾಯವಾಯಿತು. ಔಷಧಿ ಕೆಟ್ಟದ್ದೆಂದಲ್ಲ, ಇಂಥದ್ದನ್ನು ಮಾರಿ ಲಾಭ ಮಾಡುವುದು ಕಷ್ಟ ಅಂತ ನನ್ನ ಅಂದಾಜು.

ಬೀಜದ ಅಗಲ ಅಳೆದು, ಅದಕ್ಕೆ ತಕ್ಕ ಪ್ರಮಾಣವನ್ನು ಸಣ್ಣ ಸೂಜಿಯಿಂದ ಎರಡೂ ಬೀಜದೊಳಗೆ ನಿಧಾನವಾಗಿ ಬಿಡುತ್ತಾರೆ. ವೀರ್ಯಾಣು ತಯಾರಾಗುವ ಅಂಗಾಂಶ ಸಾಯುತ್ತದೆ. ಗಮನಿಸಿ, ಟೆಸ್ಟೋಸ್ಟಿರಾನ್ ತಯಾರಿಸುವ ಭಾಗ ಪೂರ್ತಿ ಸಾಯುವುದಿಲ್ಲ. ಅದು ಸುಮಾರು ಅರ್ಧದಷ್ಟು ಇಳಿಯಬಹುದು, ಕೆಲವು ನಾಯಿಗಳಲ್ಲಿ ಅಷ್ಟೂ ಇಳಿಯುವುದಿಲ್ಲ. ಮೊದಲ ಪ್ರಶ್ನೆಯಲ್ಲಿ ಹೇಳಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮರಿ ಆಗುವುದಿಲ್ಲ, ಆದರೆ ಗಂಡಸುತನದ ಗಲಾಟೆ ಉಳಿಯಬಹುದು. ಕೊಟ್ಟ ಮೇಲೂ ಎರಡು ತಿಂಗಳು ಹೆಣ್ಣಿನಿಂದ ದೂರ ಇಡಬೇಕು. ಹಳೆಯ ವೀರ್ಯಾಣು ನಾಳದಲ್ಲಿ ಉಳಿದಿರುತ್ತದೆ.

"ಇಂಜೆಕ್ಷನ್ ಅಂದ್ಮೇಲೆ ಅಪಾಯ ಏನೂ ಇರಲ್ಲ ಅಲ್ವಾ?"

ಇರುತ್ತದೆ. ಗಾಲಪಗೋಸ್ ದ್ವೀಪಗಳ ಇಸಬೆಲಾದಲ್ಲಿ ಇದನ್ನೂ ಆಪರೇಷನ್ನನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದ 103 ನಾಯಿಗಳಲ್ಲಿ 4ಕ್ಕೆ ಸೂಜಿ ಚುಚ್ಚಿದ ಜಾಗ ಕೊಳೆತು ದೊಡ್ಡ ಆಪರೇಷನ್ನೇ ಬೇಕಾಯಿತು. ಆಪರೇಷನ್ ಬೇಡ ಅಂತ ಬಂದವನಿಗೆ ಇನ್ನೂ ದೊಡ್ಡ ಆಪರೇಷನ್! ಅದೇ ಅಧ್ಯಯನದಲ್ಲಿ ಆಪರೇಷನ್ ಆದ ನಾಯಿಗಳಲ್ಲೂ ಎರಡಕ್ಕೆ ಹೊಲಿಗೆ ಬಿಟ್ಟಿತ್ತು ಎನ್ನುವುದನ್ನೂ ಹೇಳಬೇಕು. ಹೆಚ್ಚಿನವಕ್ಕೆ ಒಂದೆರಡು ದಿನ ಊತ, ನೋವು ಅಷ್ಟೇ. ಔಷಧಿ ಬೀಜದಿಂದ ಹೊರಗೆ ಸೋರಿ ಚರ್ಮಕ್ಕೆ ತಗುಲಿದರೆ, ಅಥವಾ ನಾಯಿ ನೆಕ್ಕಿ ಕಚ್ಚಿಕೊಂಡರೆ ತೊಂದರೆ. ಚುಚ್ಚುವಾಗ ನಾಯಿ ಅಲುಗಾಡಬಾರದು. ಅದಕ್ಕೇ ಮಂಪರು ಔಷಧಿ ಕೊಡುತ್ತಾರೆ. ಐದು ನಿಮಿಷದ ಮಾತು ಅಲ್ಲಿಗೆ ಮುಗಿಯಿತು.

"ಕ್ಯಾಲ್ಸಿಯಂ ಕ್ಲೋರೈಡ್ ಕೆಮಿಕಲ್ ಅಂಗಡಿಯಲ್ಲೇ ಸಿಗುತ್ತಂತೆ. ತುಂಬಾ ಅಗ್ಗ. ನಾವೇ ಕೊಡಬಹುದಾ?"

ಬೇಡ. ಖಂಡಿತ ಬೇಡ.

ವಿಷಯ ಮಾತ್ರ ಕುತೂಹಲದ್ದು. ಇದರ ಮೇಲೆ ನಮ್ಮ ದೇಶದಲ್ಲೇ ಗಂಭೀರ ಕೆಲಸ ನಡೆದಿದೆ. ಪಶ್ಚಿಮ ಬಂಗಾಳದ ಕುಲದೀಪ್ ಜಾನಾ ಮತ್ತು ಪಿ. ಕೆ. ಸಾಮಂತ ಬೀದಿಯ ಗಂಡು ನಾಯಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿ 2007ರಲ್ಲಿ ಪ್ರಕಟಿಸಿದರು. ಆಮೇಲೆ ಇಟಲಿಯಲ್ಲಿ, ನೀರಿನ ಬದಲು ಆಲ್ಕೋಹಾಲ್‌ನಲ್ಲಿ 20 ಪರ್ಸೆಂಟ್ ಬೆರೆಸಿದರೆ ಪರಿಣಾಮ ಚೆನ್ನಾಗಿ ಉಳಿಯುತ್ತದೆ ಎಂದು ಕಂಡುಕೊಂಡರು. ಟೆಸ್ಟೋಸ್ಟಿರಾನ್ ಕೂಡ ಜಿಂಕ್‌ಗಿಂತ ಹೆಚ್ಚು ಇಳಿಯಿತು. ಕೆಮಿಕಲ್ ಅಗ್ಗದ್ದು, ಪೇಟೆಂಟ್ ಮಾಡಿ ಮಾರುವ ಹಾಗಿಲ್ಲ. ಅಂಥದ್ದಕ್ಕೆ ಕೋಟಿಗಟ್ಟಲೆ ಸುರಿದು ಒಪ್ಪಿಗೆ ಪಡೆಯಲು ಯಾವ ಕಂಪನಿ ಮುಂದೆ ಬರುತ್ತದೆ? ಎಫ್‌ಡಿಎ ಒಪ್ಪಿಗೆ ಇದಕ್ಕಿಲ್ಲ.

ಆದರೆ ಪ್ರಯೋಗದಲ್ಲಿ ಬಳಸಿದ್ದು ಅಳೆದು, ಸೋಸಿ, ಕ್ರಿಮಿರಹಿತ ಮಾಡಿದ ದ್ರಾವಣ. ನಮ್ಮ ಏರಿಯಾದಲ್ಲೇ ಒಬ್ಬರು ಯಾರದೋ ಮಾತು ಕೇಳಿ ಬೀದಿಯ ಎರಡು ನಾಯಿಗೆ ಇದನ್ನು ಚುಚ್ಚಿಸಿದ್ದರು. ಒಂದಕ್ಕೆ ಏನೂ ಆಗಲಿಲ್ಲ. ಇನ್ನೊಂದರ ಚೀಲ ಊದಿ ಒಡೆದು ಹುಳ ಬಿದ್ದಿತ್ತು. ಮೂರು ವಾರ ನಾವು ನಾಲ್ಕು ಜನ ಪಾಳಿ ಹಾಕಿಕೊಂಡು ಡ್ರೆಸ್ಸಿಂಗ್ ಮಾಡಿದೆವು. ಆ ವಾಸನೆ ಈಗಲೂ ನೆನಪಿದೆ.

## ಸ್ವಭಾವ, ಆರೋಗ್ಯ

"ಎಲ್ಲರ ಮೇಲೂ ಎಗರ್ತಾನೆ. ಹಾರ್ಮೋನ್ ಇಳಿಸಿದ್ರೆ ಸರಿ ಹೋಗ್ತಾನಾ?"

ಎಗರುವುದು ಯಾಕೆ ಎನ್ನುವುದನ್ನು ಮೊದಲು ನೋಡಬೇಕು. ಹೆಣ್ಣಿಗಾಗಿ ಬೇರೆ ಗಂಡುಗಳ ಜೊತೆ ಜಗಳವಾದರೆ ಕಡಿಮೆಯಾಗಬಹುದು. ಹೆದರಿ ಎಗರುವ ನಾಯಿಗೆ ಟೆಸ್ಟೋಸ್ಟಿರಾನ್ ಸ್ವಲ್ಪ ಧೈರ್ಯ ಕೊಡುತ್ತಿರುತ್ತದೆ. ಅದನ್ನು ತೆಗೆದರೆ ಭಯ ಜಾಸ್ತಿಯೂ ಆಗಬಹುದು. ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಬೆಳೆದ ಎಷ್ಟೋ ಅಪಾರ್ಟ್‌ಮೆಂಟ್ ನಾಯಿಗಳ ಕಥೆ ಇದು.

ಆಪರೇಷನ್‌ಗೆ ಮೊದಲು ಇಂಪ್ಲಾಂಟ್ ಹಾಕಿ ಆರು ತಿಂಗಳು ನೋಡುವುದು ಜಾಣತನ ಅಂತ ನನಗೆ ಅನ್ನಿಸುವುದು ಇಂಥ ಕಡೆ. ಸ್ವಭಾವ ಸುಧಾರಿಸಿದರೆ ಆಪರೇಷನ್ ಮಾಡಿಸಬಹುದು. ಕೆಟ್ಟರೆ ಇಂಪ್ಲಾಂಟ್ ಪರಿಣಾಮ ತಾನಾಗಿ ಇಳಿಯುತ್ತದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ.

"ಗೋಲ್ಡನ್ ರಿಟ್ರೀವರ್ ಮರಿ, ಐದು ತಿಂಗಳು. ಈಗಲೇ ಮಾಡಿಸಿ ಅಂತಾರೆ."

ಕಾಯಿರಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಗೋಲ್ಡನ್ ತಳಿಯ ನಾಯಿಗಳನ್ನೂ, 2020ರಲ್ಲಿ 35 ತಳಿಗಳನ್ನೂ ಪರೀಕ್ಷಿಸಿ ಪ್ರಕಟಿಸಿದರು. ಗೋಲ್ಡನ್ ಗಂಡುಗಳಿಗೆ ಒಂದು ವರ್ಷದೊಳಗೆ ಬೀಜ ತೆಗೆದರೆ ಕೀಲಿನ ತೊಂದರೆ ಹೆಚ್ಚು ಕಂಡಿತು. ಮೂಳೆ ಬೆಳೆದು ನಿಲ್ಲಲು ಹಾರ್ಮೋನ್ ಬೇಕು. ಚಿಕ್ಕ ತಳಿಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣಲಿಲ್ಲ. ಬೆಳೆಯುವ ಮರಿಗೆ ಇಂಪ್ಲಾಂಟ್ ಹಾಕಿದರೂ ಹಾರ್ಮೋನ್ ನಿಲ್ಲುವುದೇ ಅಲ್ವಾ? ಆದ್ದರಿಂದ ಇಂಪ್ಲಾಂಟ್‌ನಿಂದ ಈ ವಿಷಯ ತಪ್ಪುವುದಿಲ್ಲ. ಆ ಒಂದು ವರ್ಷ ಒಳ್ಳೆಯ ಬೆಲ್ಟ್ ಹಾಕಿ ಹಿಡಿದುಕೊಳ್ಳುವುದೇ ಮದ್ದು.

"ಒಂದೇ ಬೀಜ ಕೆಳಗೆ ಬಂದಿದೆ. ಇಂಜೆಕ್ಷನ್ ಆಗುತ್ತಾ?"

ಆಗುವುದಿಲ್ಲ. ಹೊಟ್ಟೆಯೊಳಗೇ ಉಳಿದ ಬೀಜದಲ್ಲಿ ಗಡ್ಡೆಯಾಗುವ ಸಾಧ್ಯತೆ ಹೆಚ್ಚು. ಈ ನಾಯಿಗೆ ಆಪರೇಷನ್ ಬಿಟ್ಟು ಬೇರೆ ದಾರಿ ಹುಡುಕಬೇಡಿ.

"ವಯಸ್ಸಾದ ನಾಯಿ, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿದೆ. ಹೃದಯ ಸರಿಯಿಲ್ಲ, ಅರಿವಳಿಕೆ ಬೇಡ ಅಂದಿದ್ದಾರೆ."

ಆಪರೇಷನ್ ಇಲ್ಲದ ದಾರಿಗಳು ನಿಜವಾಗಿ ಬೆಳಗುವುದು ಇಂಥ ನಾಯಿಯ ವಿಷಯದಲ್ಲಿ. ಒಸಾಟೆರೋನ್ ಎಂಬ ಮಾತ್ರೆ ಇದೆ. ಏಳು ದಿನ ಕೊಟ್ಟರೆ ಪರಿಣಾಮ ಸುಮಾರು ಐದು ತಿಂಗಳು ಇರುತ್ತದೆ. ಗಂಡಸರಿಗೆ ಕೊಡುವ ಫಿನಾಸ್ಟೆರೈಡ್ ಕೂಡ ಡಾಕ್ಟರುಗಳು ಬರೆಯುತ್ತಾರೆ. ಇವು ಪ್ರಾಸ್ಟೇಟ್ ಇಳಿಸುವುದಕ್ಕೆ, ಮರಿ ನಿಲ್ಲಿಸುವುದಕ್ಕಲ್ಲ. ಇಂಪ್ಲಾಂಟ್‌ನಿಂದಲೂ ಪ್ರಾಸ್ಟೇಟ್ ಕುಗ್ಗುತ್ತದೆ. ಆದರೆ ಮೊದಲ ವಾರಗಳಲ್ಲಿ ಹಾರ್ಮೋನ್ ಏರುವುದರಿಂದ ಡಾಕ್ಟರ್ ಕಣ್ಣಿಟ್ಟಿರಬೇಕು.

## ಬೀದಿನಾಯಿಗಳು ಮತ್ತು ಮುಂದಿನದು

"ಪಾಲಿಕೆಯವರು ಹಿಡಿದು, ಒಂದು ಇಂಜೆಕ್ಷನ್ ಕೊಟ್ಟು, ಅಲ್ಲೇ ಬಿಟ್ರೆ ಆಗಲ್ವಾ? ವ್ಯಾನು, ಕೆನೆಲ್ ಯಾಕೆ?"

ಕೇಳಲು ಚೆನ್ನಾಗಿದೆ. 2023ರ ಬಿಬಿಎಂಪಿ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು 2.79 ಲಕ್ಷ. 2019ರಲ್ಲಿ 3.10 ಲಕ್ಷ ಇದ್ದವು. ಇಳಿದದ್ದು ಆಪರೇಷನ್ ಮಾಡುತ್ತಾ ಬಂದಿದ್ದರಿಂದ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. 2023ರ ಕೇಂದ್ರದ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು ಹಾಗೇ ಇವೆ: ಹಿಡಿಯಬೇಕು, ಸಂತಾನಹರಣ ಮಾಡಬೇಕು, ರೇಬಿಸ್ ಲಸಿಕೆ ಹಾಕಬೇಕು, ಕಿವಿಗೆ ಗುರುತು ಮಾಡಬೇಕು, ಹಿಡಿದ ಜಾಗದಲ್ಲೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳಿಗೆ ಮಾತ್ರ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿದೆ. ಅಲ್ಲಿಂದ ಹಿಡಿದವನ್ನು ಅಲ್ಲೇ ಬಿಡುವಂತಿಲ್ಲ.

ಬೀದಿಯಲ್ಲೇ ಇಂಜೆಕ್ಷನ್ ಕೊಟ್ಟು ಬಿಟ್ಟರೆ, ನೂರಕ್ಕೆ ಆ ಮೂರ್ನಾಲ್ಕು ನಾಯಿಗಳ ಊತವನ್ನು ನೋಡುವವರು ಯಾರು? ಅವು ಆಟೋ ಸ್ಟ್ಯಾಂಡ್ ಹಿಂದೆ, ಮೋರಿ ಪಕ್ಕ ಮಲಗಿ ನರಳುತ್ತವೆ. ಚಿಲಿ ದೇಶದ ಪ್ವೆರ್ತೊ ನತಾಲೆಸ್‌ನಲ್ಲಿ ಬೀದಿ ಸುತ್ತುವ ಗಂಡು ನಾಯಿಗಳಿಗೆ ಜಿಪಿಎಸ್ ಕಾಲರ್ ಹಾಕಿ, ಆಪರೇಷನ್ ಮತ್ತು ಜಿಂಕ್ ಇಂಜೆಕ್ಷನ್ ಎರಡನ್ನೂ ಹೋಲಿಸಿದರು. ಇಂಜೆಕ್ಷನ್ ಪಡೆದವು ಬೇರೆ ನಾಯಿಗಳ ಮೇಲೆ ಎಗರುವುದು ಹೆಚ್ಚಾಗಿತ್ತು. ಆಪರೇಷನ್ ಆದವು ಕೂಡ ಸುತ್ತಾಟವನ್ನು ನಿರೀಕ್ಷಿಸಿದಷ್ಟು ಬಿಡಲಿಲ್ಲ. ಬೀದಿಯ ನಾಯಿ ಊಟಕ್ಕೂ ಸುತ್ತಬೇಕಲ್ಲ.

"ಗಂಡುಗಳಿಗೆ ಮಾಡಿದ್ರೆ ಸಾಕಲ್ವಾ? ಸುಲಭ ತಾನೇ."

ಲೆಕ್ಕ ಹಾಕಿ ನೋಡಿ. ಒಂದು ಬಡಾವಣೆಯ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಮಾಡಿದಿರಿ. ಉಳಿದ ಒಬ್ಬನೇ ಎಲ್ಲಾ ಹೆಣ್ಣುಗಳಿಗೂ ಸಾಕು. 63 ದಿನದಲ್ಲಿ ಮರಿ. ಹತ್ತು ಹೆಣ್ಣುಗಳಲ್ಲಿ ಒಂಬತ್ತಕ್ಕೆ ಮಾಡಿದರೆ ಒಂದೇ ಬಾಣಂತನ. ಗಂಡುಗಳಿಗೆ ಮಾಡಿಸುವುದರಿಂದ ಹಿಂಡು, ಕಚ್ಚಾಟ, ಕೂಡುವಾಗ ಹರಡುವ ಟಿವಿಟಿ ಎಂಬ ಕ್ಯಾನ್ಸರ್ ಗಡ್ಡೆ ಕಡಿಮೆಯಾಗಬಹುದು. ನಿಮ್ಮ ಬೀದಿಯಲ್ಲಿ ಕಿವಿ ಗುರುತಿಲ್ಲದ ಹೆಣ್ಣು ಕಂಡರೆ ಮೊದಲು ಅದಕ್ಕಾಗಿ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ.

"ಗಂಡಸರಿಗೆ ಒಂದು ಇಂಜೆಕ್ಷನ್ ಬರುತ್ತೆ ಅಂತ ಪೇಪರ್‌ನಲ್ಲಿ ಓದಿದ್ದೆ. ಅದನ್ನೇ ನಾಯಿಗೆ ಕೊಟ್ರೆ?"

ನೀವು ಓದಿದ್ದು ರಿಸಗ್ ಬಗ್ಗೆ ಇರಬೇಕು. ಐಐಟಿ ಖರಗ್‌ಪುರದ ಪ್ರೊಫೆಸರ್ ಸುಜಯ್ ಗುಹಾ ದಶಕಗಳಿಂದ ಬೆಳೆಸಿದ್ದು. ವೀರ್ಯನಾಳದೊಳಗೆ ಒಂದು ಪಾಲಿಮರ್ ಬಿಡುತ್ತಾರೆ. ಅದಕ್ಕೆ ನಾಳವನ್ನು ಹೊರಗೆ ತೆಗೆಯಬೇಕು, ಅಂದರೆ ಸಣ್ಣ ಗಾಯ ಆಗಲೇಬೇಕು. ಹಾರ್ಮೋನ್ ಮುಟ್ಟುವುದಿಲ್ಲ. ನಾಯಿಯ ಮಟ್ಟಿಗೆ ವ್ಯಾಸೆಕ್ಟಮಿಗಿಂತ ಹೆಚ್ಚಿನ ಲಾಭ ನನಗೆ ಕಾಣುವುದಿಲ್ಲ.

"ಹಾಗಾದ್ರೆ ಹೊಸದು ಏನೂ ಬರ್ತಾ ಇಲ್ವಾ?"

ಗ್ಯಾರಿ ಮೈಕೆಲ್ಸನ್ ಎಂಬ ಅಮೆರಿಕದ ಸರ್ಜನ್ 2008ರಲ್ಲಿ 2.5 ಕೋಟಿ ಡಾಲರ್ ಬಹುಮಾನ ಘೋಷಿಸಿದರು. ಷರತ್ತು ಇಷ್ಟು: ಒಂದೇ ಡೋಸ್, ಶಾಶ್ವತ, ಆಪರೇಷನ್ ಇಲ್ಲ, ಗಂಡು ಹೆಣ್ಣು ಎರಡಕ್ಕೂ, ನಾಯಿ ಬೆಕ್ಕು ಎರಡಕ್ಕೂ ಆಗಬೇಕು. ಬಹುಮಾನ ಇನ್ನೂ ಹಾಗೇ ಕೂತಿದೆ. 2023ರಲ್ಲಿ ಆರು ಹೆಣ್ಣು ಬೆಕ್ಕುಗಳಿಗೆ ಒಂದೇ ಜೀನ್ ಇಂಜೆಕ್ಷನ್ ಕೊಟ್ಟು ಎರಡು ವರ್ಷ ಗಮನಿಸಿದ ಸುದ್ದಿ ಬಂತು. ಒಂದೂ ಗಬ್ಬವಾಗಲಿಲ್ಲ. ಅದು ಹೆಣ್ಣಿನ ಅಂಡಾಶಯದ ಮೇಲೆ ಕೆಲಸ ಮಾಡುವಂಥದ್ದು. ಇಟಲಿಯಲ್ಲಿ ಗಂಡು ನಾಯಿಗಳ ಬೀಜಕ್ಕೆ ಅಲ್ಟ್ರಾಸೌಂಡ್ ಹಾಯಿಸಿಯೂ ನೋಡಿದ್ದಾರೆ. ಅದು ಪ್ರಯೋಗದ ಕೋಣೆ ದಾಟಿಲ್ಲ.

"ಅದೆಲ್ಲಾ ಇರಲಿ, ನಿಮ್ಮ ಕರಿಯನಿಗೆ ಏನು ಮಾಡಿಸಿದ್ರಿ?"

ಆಪರೇಷನ್. ಅವನಿಗೆ ಎರಡು ವರ್ಷ ತುಂಬಿದ ಮೇಲೆ. ಮೂರು ತಿಂಗಳು ಇವನ್ನೆಲ್ಲ ಓದಿ, ಕೊನೆಗೆ ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬಂದೆ. ಆ ರಾತ್ರಿ ಅವನು ನಿದ್ದೆ ಮಾಡಿದ, ನಾನು ಮಾಡಲಿಲ್ಲ. ಮೂರನೇ ದಿನಕ್ಕೆ ಪ್ಲಾಸ್ಟಿಕ್ ಕಾಲರ್ ಹಾಕಿಕೊಂಡೇ ಗೇಟಿಗೆ ಗುದ್ದಿಕೊಂಡು ಹಾಲಿನವನಿಗೆ ಬೊಗಳುತ್ತಿದ್ದ. ರಾತ್ರಿ ಓಡಿ ಹೋಗುವುದು ನಿಂತಿತು. ಊಟ ಕಡಿಮೆ ಮಾಡಬೇಕೆಂದು ಡಾಕ್ಟರ್ ಹೇಳಿದ್ದನ್ನು ನಮ್ಮಮ್ಮ ಕೇಳಲಿಲ್ಲ, ಎರಡು ಕಿಲೋ ಏರಿದ. ಎದುರುಮನೆಯವರ ಸ್ಕೂಟರ್ ಚಕ್ರಕ್ಕೆ ಕಾಲೆತ್ತುವುದು ಮಾತ್ರ ಇವತ್ತಿಗೂ ಬಿಟ್ಟಿಲ್ಲ.